ಹೆನ್ರಿಕ್ ಇಬ್ಸನ್

ಹೆನ್ರಿಕ್ ಯೋಹಾನ್ ಇಬ್ಸನ್ (ಮಾರ್ಚ್ 20, 1828 – ಮೇ 23, 1906) ನಾರ್ವೆ ದೇಶದ ನಾಟಕಕಾರ ಹಾಗೂ ಕವಿ. ಆಧುನಿಕ ಗದ್ಯನಾಟಕದ ಪ್ರವರ್ತಕರಲ್ಲಿ ಅಗ್ರಗಣ್ಯ. ಯೂರೋಪಿನ ರಂಗಭೂಮಿಯಲ್ಲಿ ಮದುವೆಯೆಂಬುದು ನಾಟಕದ ಸುಖಾಂತ್ಯವಾಗಿದ್ದ ಕಾಲದಲ್ಲಿ ಈತ ಮದುವೆಯಾಗಿ ಹಲವು ವರ್ಷ ಕಳೆದ ಮನೆಗಳ ನಡುಕೋಣೆಯಲ್ಲಿ ತನ್ನ ನಾಟಕಗಳನ್ನು ಆರಂಭಿಸಿದ. ಸಾಲಪತ್ರ, ಸಹಿ, ಆಸ್ತಿ, ವಂಶದ ಹೆಸರು, ಹುಟ್ಟಲಿರುವ ಮಗು ಮೊದಲಾದ ಲೌಕಿಕ ಸಂಗತಿಗಳ ಮೂಲಕ ಗಂಡಹೆಂಡಿರ ಸಂಬಂಧವನ್ನು ಪರೀಕ್ಷಿಸಿದ. 1879ರ ‘ಗೊಂಬೆಯ ಮನೆ’, 1881ರ ‘ಪ್ರೇತಗಳು’, 1888ರ ‘ಸಮುದ್ರದಿಂದ ಬಂದ ಹೆಂಗಸು’ ಮತ್ತು 1890ರ ‘ಹೆಡ್ಡಾ ಗಾಬ್ಲರ್’ ಈ ದೃಷ್ಟಿಯಿಂದ ಮುಖ್ಯವಾದ ಕೃತಿಗಳು.

ಬಾಲ್ಯ ಮತ್ತು ಆರಂಭದ ಬದುಕು

ಇಬ್ಸನ್ ದಕ್ಷಿಣ ನಾರ್ವೆಯ ಬಂದರು ಪಟ್ಟಣವಾದ ಶೀಯೆನ್‌ನಲ್ಲಿ ಜನಿಸಿದ. ತಂದೆ ಕ್ನೂಡ್ ಇಬ್ಸನ್ ವರ್ತಕ. ತಾಯಿ ಮಾರಿಕೆನ್ ಆಲ್ಟೆನ್‌ಬರ್ಗ್ ಸಿರಿವಂತ ಮನೆತನದಿಂದ ಬಂದವಳು. ಮಗನಿಗೆ ಏಳು ವರ್ಷವಾಗುವ ವೇಳೆಗೆ ತಂದೆಯ ವ್ಯಾಪಾರ ಕುಸಿಯಿತು. ಹೆಂಡತಿಯ ಕಡೆಯಿಂದ ಬಂದ ಆಸ್ತಿಯೂ ಗಂಡನ ಸಾಲದೊಂದಿಗೆ ಕರಗಿಹೋಯಿತು. 1835ರಲ್ಲಿ ಕುಟುಂಬವು ಊರಿನ ಮನೆಯನ್ನು ಬಿಟ್ಟು ವೆನ್‌ಸ್ಟೊಪ್ ಎಂಬ ಹಳ್ಳಿಯ ಜಮೀನಿಗೆ ಸ್ಥಳಾಂತರಗೊಂಡಿತು. ದಿವಾಳಿಯ ಭಯ, ಮುಚ್ಚಿಟ್ಟ ಸಾಲ, ಗಂಡನ ತಪ್ಪಿಗೆ ಮೌನವಾಗಿ ಬೆಲೆ ತೆರುವ ಹೆಂಡತಿ ಇವು ಮುಂದೆ ಇಬ್ಸನ್ನನ ನಾಟಕಗಳಲ್ಲಿ ಪದೇ ಪದೇ ಕಾಣಿಸಿಕೊಳ್ಳುತ್ತವೆ.

ಹದಿನೈದನೆಯ ವಯಸ್ಸಿನಲ್ಲಿ ಇಬ್ಸನ್ ಮನೆ ಬಿಟ್ಟು ಗ್ರಿಮ್‌ಸ್ಟಾಡ್ ಎಂಬ ಸಣ್ಣ ಪಟ್ಟಣದ ಔಷಧದ ಅಂಗಡಿಯಲ್ಲಿ ಕೆಲಸ ಕಲಿಯಲು ಸೇರಿದ. 1846ರಲ್ಲಿ ಅದೇ ಮನೆಯಲ್ಲಿ ಕೆಲಸಕ್ಕಿದ್ದ, ತನಗಿಂತ ಹತ್ತು ವರ್ಷ ಹಿರಿಯಳಾದ ಎಲ್ಸೆ ಎಂಬಾಕೆಯಲ್ಲಿ ಆತನಿಗೆ ಗಂಡುಮಗು ಹುಟ್ಟಿತು. ಕಾನೂನಿನ ಪ್ರಕಾರ ಮಗುವಿನ ಪೋಷಣೆಯ ಹಣವನ್ನು ಆತ ಹಲವು ವರ್ಷ ಕಟ್ಟಿದನಾದರೂ ತಾಯಿ–ಮಗನೊಂದಿಗೆ ಸಂಬಂಧ ಉಳಿಸಿಕೊಳ್ಳಲಿಲ್ಲ. ಮದುವೆಯ ಹೊರಗೆ ಹುಟ್ಟಿದ ಮಕ್ಕಳೂ ಅವರ ಹುಟ್ಟನ್ನು ಮರೆಮಾಚುವ ಗೌರವಸ್ಥ ಗಂಡಸರೂ ‘ಪ್ರೇತಗಳು’, ‘ಕಾಡು ಬಾತುಕೋಳಿ’ ನಾಟಕಗಳಲ್ಲಿ ಬರುವುದನ್ನು ಗಮನಿಸಿದರೆ, ಹೆಣ್ಣಿನ ಪರವಾಗಿ ಬರೆದನೆಂದು ಹೊಗಳಿಸಿಕೊಂಡ ಲೇಖಕನ ಬದುಕಿನ ಈ ಪ್ರಸಂಗವನ್ನು ಬದಿಗಿಡುವುದು ಕಷ್ಟ.

ಮೊದಲ ನಾಟಕ ‘ಕ್ಯಾಟಿಲೀನ’ 1850ರಲ್ಲಿ ಬ್ರಿನ್ಯೊಲ್ಫ್ ಬ್ಯಾರ್ಮೆ ಎಂಬ ಗುಪ್ತನಾಮದಲ್ಲಿ ಪ್ರಕಟವಾಯಿತು. ಅದೇ ವರ್ಷ ಇಬ್ಸನ್ ರಾಜಧಾನಿ ಕ್ರಿಸ್ಟಿಯಾನಿಯಾಕ್ಕೆ (ಇಂದಿನ ಓಸ್ಲೊ) ಬಂದ.

ರಂಗಭೂಮಿ ಮತ್ತು ವಿವಾಹ

1851ರಲ್ಲಿ ಪ್ರಸಿದ್ಧ ಪಿಟೀಲುವಾದಕ ಓಲೆ ಬುಲ್ ತಾನು ಬರ್ಗೆನ್‌ನಲ್ಲಿ ಸ್ಥಾಪಿಸಿದ್ದ ನಾರ್ವೇಜಿಯನ್ ರಂಗಮಂದಿರಕ್ಕೆ ಇಬ್ಸನ್ನನನ್ನು ನೇಮಿಸಿಕೊಂಡ. ಅಲ್ಲಿ ಆರು ವರ್ಷಗಳ ಕಾಲ, ಬಳಿಕ ಕ್ರಿಸ್ಟಿಯಾನಿಯಾದ ರಂಗಮಂದಿರದಲ್ಲಿ ಐದು ವರ್ಷಗಳ ಕಾಲ ನಾಟಕಗಳನ್ನು ಆಡಿಸುವ ಕೆಲಸ ಮಾಡಿದ. ಆಗ ರಂಗವನ್ನು ಆಳುತ್ತಿದ್ದುದು ಫ್ರೆಂಚ್ ಮಾದರಿಯ ಚತುರ ಕಥಾಹಂದರದ ನಾಟಕಗಳು. ಕಳೆದುಹೋದ ಪತ್ರ, ಬಚ್ಚಿಟ್ಟ ರಹಸ್ಯ, ಕೊನೆಯ ಗಳಿಗೆಯ ಬಯಲಾಟ, ನಂತರ ಎಲ್ಲರ ರಾಜಿ ಇವು ಅದರ ಸಾಮಗ್ರಿ. ಇಬ್ಸನ್ ಈ ತಂತ್ರವನ್ನು ಪೂರ್ಣವಾಗಿ ಕರಗತ ಮಾಡಿಕೊಂಡ; ಮುಂದೆ ಅದರ ಕೊನೆಯ ಭಾಗವಾದ ರಾಜಿಯನ್ನು ಮಾತ್ರ ಕೈಬಿಟ್ಟ.

1858ರ ಜೂನ್ 18ರಂದು ಆತ ಸುಸಾನಾ ಥೋರೆಸೆನ್‌ಳನ್ನು ವಿವಾಹವಾದ. ಸುಸಾನಾಳ ಮಲತಾಯಿ ಮಾಗ್ದಲೇನೆ ಥೋರೆಸೆನ್ ಸ್ವತಃ ಲೇಖಕಿ. ಪುಸ್ತಕ, ಚರ್ಚೆಗಳ ನಡುವೆ ಬೆಳೆದ ಸುಸಾನಾ ದೃಢ ಸ್ವಭಾವದವಳು. ಬಡತನ ಮತ್ತು ನಿರಾಸೆಯ ವರ್ಷಗಳಲ್ಲಿ ಗಂಡನನ್ನು ಬರವಣಿಗೆಗೆ ಕಟ್ಟಿಹಾಕಿದವಳು ಆಕೆಯೇ ಎಂದು ಜೀವನಚರಿತ್ರಕಾರರು ಒಪ್ಪುತ್ತಾರೆ. 1859ರಲ್ಲಿ ಅವರ ಏಕೈಕ ಪುತ್ರ ಸಿಗುರ್ಡ್ ಜನಿಸಿದ.

ವಿವಾಹವನ್ನು ಇಬ್ಸನ್ ಮೊದಲು ನೇರವಾಗಿ ಕೆಣಕಿದ್ದು 1862ರ ‘ಪ್ರೇಮಪ್ರಹಸನ’ ಎಂಬ ಪದ್ಯನಾಟಕದಲ್ಲಿ. ನಿಶ್ಚಿತಾರ್ಥವಾದ ಕೂಡಲೇ ಪ್ರೇಮವು ಊರಿನವರ ಸೊತ್ತಾಗಿ, ಚಿಕ್ಕಮ್ಮಂದಿರ ಹರಟೆಯಾಗಿ, ಕೊನೆಗೆ ಸಂಬಳ ಮತ್ತು ಮನೆಬಾಡಿಗೆಯ ಲೆಕ್ಕವಾಗಿ ಇಳಿಯುವ ಬಗೆಯನ್ನು ಅದು ಹಾಸ್ಯಕ್ಕೆ ಗುರಿಮಾಡುತ್ತದೆ. ನಾಯಕಿ ಸ್ವಾನ್‌ಹಿಲ್ಡ್ ತಾನು ಪ್ರೀತಿಸಿದ ಕವಿಯನ್ನು ಬಿಟ್ಟು ವಿವೇಕಿಯಾದ ವರ್ತಕನನ್ನು ಆರಿಸಿಕೊಳ್ಳುತ್ತಾಳೆ. ಪಾದ್ರಿಗಳನ್ನೂ ಸಂಸಾರಸ್ಥರನ್ನೂ ಒಟ್ಟಿಗೆ ಕೆರಳಿಸಿದ ಈ ಕೃತಿ 1873ರವರೆಗೆ ರಂಗವನ್ನೇರಲಿಲ್ಲ.

ವಿದೇಶವಾಸ

ರಂಗಮಂದಿರ ದಿವಾಳಿಯಾದ ಬಳಿಕ, 1864ರಲ್ಲಿ ಇಬ್ಸನ್ ಇಟಲಿಗೆ ಹೊರಟ. ನಡುನಡುವಿನ ಸ್ವಲ್ಪ ಕಾಲದ ಭೇಟಿಗಳನ್ನು ಬಿಟ್ಟರೆ ರೋಮ್, ಡ್ರೆಸ್ಡೆನ್, ಮ್ಯೂನಿಕ್ ನಗರಗಳಲ್ಲಿ 27 ವರ್ಷ ಕಳೆದ. ‘ಬ್ರಾಂಡ್’ (1866) ಮತ್ತು ‘ಪೇರ್ ಗಿಂಟ್’ (1867) ಎಂಬ ಪದ್ಯನಾಟಕಗಳು ಆತನಿಗೆ ಕೀರ್ತಿಯನ್ನೂ ಸರ್ಕಾರದ ವೇತನವನ್ನೂ ತಂದವು. ಈ ಎರಡರಲ್ಲೂ ಹೆಣ್ಣು ತ್ಯಾಗಮಯಿ. ಬ್ರಾಂಡನ ಹೆಂಡತಿ ಆಗ್ನೆಸ್ ಗಂಡನ ಆದರ್ಶಕ್ಕೆ ತನ್ನ ಮಗುವನ್ನೂ ತನ್ನನ್ನೂ ಒಪ್ಪಿಸುತ್ತಾಳೆ. ಸೂಲ್ವೈ ತನ್ನ ಯೌವನವನ್ನೆಲ್ಲ ಪೇರ್‌ಗಾಗಿ ಕಾಯುವುದರಲ್ಲಿ ಕಳೆಯುತ್ತಾಳೆ. ನಾರ್ವೆಯ ಸ್ತ್ರೀವಾದಿ ಲೇಖಕಿ, ‘ಜಿಲ್ಲಾಧಿಕಾರಿಯ ಹೆಣ್ಣುಮಕ್ಕಳು’ ಕಾದಂಬರಿಯ ಕರ್ತೃ ಕಮಿಲಾ ಕೊಲೆಟ್ ಇಂತಹ ಚಿತ್ರಣವನ್ನು ಆಕ್ಷೇಪಿಸಿದಳು. ಇಬ್ಸನ್ ದಂಪತಿ ಜರ್ಮನಿಯಲ್ಲಿದ್ದಾಗ ಆಕೆ ಅವರನ್ನು ಕಂಡು ದೀರ್ಘವಾಗಿ ವಾದಿಸಿದಳು. ಆ ವಾದದಲ್ಲಿ ಸುಸಾನಾಳ ಒಲವು ಕೊಲೆಟ್‌ಳ ಕಡೆಗಿತ್ತು.

ಬದಲಾವಣೆ ನಿಧಾನವಾಗಿ ಬಂತು. 1869ರ ‘ಯುವಕರ ಕೂಟ’ದಲ್ಲಿ ಸೆಲ್ಮಾ ಎಂಬ ಸಣ್ಣ ಪಾತ್ರವೊಂದು, ಸುಖದಲ್ಲಿ ತನ್ನನ್ನು ಗೊಂಬೆಯಂತೆ ಅಲಂಕರಿಸಿ ಕಷ್ಟದಲ್ಲಿ ಪಾಲು ಕೇಳುವ ಗಂಡನ ಮನೆಯವರ ಮೇಲೆ ಸಿಡಿದೇಳುತ್ತದೆ. ಈ ಪಾತ್ರಕ್ಕೇ ಪ್ರತ್ಯೇಕ ನಾಟಕ ಬೇಕೆಂದು ಡೆನ್ಮಾರ್ಕಿನ ವಿಮರ್ಶಕ ಗೇಯೋರ್ಗ್ ಬ್ರಾಂಡೆಸ್ ಸೂಚಿಸಿದ. 1877ರ ‘ಸಮಾಜದ ಆಧಾರಸ್ತಂಭಗಳು’ ನಾಟಕದಲ್ಲಿ ಬರುವ ಲೋನಾ ಹೆಸ್ಸೆಲ್ ಅವಿವಾಹಿತೆ. ಅಮೆರಿಕದಿಂದ ಮರಳಿ ಊರಿನ ಪ್ರತಿಷ್ಠಿತ ಗಂಡಸರ ಸುಳ್ಳನ್ನು ಬಯಲಿಗೆಳೆಯುವವಳು. ಚಿತ್ರಕಲಾವಿದೆ ಹಾಗೂ ಹೋರಾಟಗಾರ್ತಿ ಓಸ್ಟಾ ಹಾನ್‌ಸ್ಟೀನ್ ಈ ಪಾತ್ರಕ್ಕೆ ಮಾದರಿಯಾಗಿದ್ದಳು.

1879ರ ಆರಂಭದಲ್ಲಿ, ರೋಮಿನ ಸ್ಕ್ಯಾಂಡಿನೇವಿಯನ್ ಸಂಘದಲ್ಲಿ ಇಬ್ಸನ್ ಎರಡು ನಿರ್ಣಯಗಳನ್ನು ಮಂಡಿಸಿದ. ಗ್ರಂಥಪಾಲಕ ಹುದ್ದೆಗೆ ಹೆಣ್ಣನ್ನು ನೇಮಿಸಬಹುದು ಎಂಬುದು ಒಂದು, ಸಂಘದ ಸಭೆಗಳಲ್ಲಿ ಮಹಿಳಾ ಸದಸ್ಯರಿಗೆ ಮತಾಧಿಕಾರ ಇರಬೇಕು ಎಂಬುದು ಇನ್ನೊಂದು. ಎರಡನೆಯದು ಒಂದೇ ಒಂದು ಮತದ ಕೊರತೆಯಿಂದ ಬಿದ್ದುಹೋಯಿತು. ಕುಪಿತನಾದ ಇಬ್ಸನ್ ಕೆಲವು ದಿನಗಳ ನಂತರ ಸಂಘದ ಸಂತೋಷಕೂಟವೊಂದರಲ್ಲಿ ಎದ್ದುನಿಂತು ನೆರೆದವರನ್ನು ಕಟುವಾಗಿ ಖಂಡಿಸಿದ. ಆ ಹೊತ್ತಿಗೆ ಆತನ ಮೇಜಿನ ಮೇಲೆ ಹೊಸ ನಾಟಕವೊಂದರ ಟಿಪ್ಪಣಿಗಳಿದ್ದವು. 1878ರ ಅಕ್ಟೋಬರ್ 19ರ ತಾರೀಖು ಹೊತ್ತ ಆ ಟಿಪ್ಪಣಿಗಳಲ್ಲಿ, ಗಂಡಸರು ರೂಪಿಸಿದ ಕಾನೂನು ಮತ್ತು ಗಂಡಸಿನ ದೃಷ್ಟಿಯಿಂದಲೇ ತೀರ್ಪು ನೀಡುವ ವ್ಯವಸ್ಥೆಯಲ್ಲಿ ಹೆಣ್ಣು ತಾನಾಗಿ ಉಳಿಯಲಾರಳು ಎಂಬ ವಿಚಾರ ಸ್ಪಷ್ಟವಾಗಿ ಮೂಡಿದೆ.

ಗೊಂಬೆಯ ಮನೆ

‘ಎ ಡಾಲ್ಸ್ ಹೌಸ್’ ಎಂಬ ಇಂಗ್ಲಿಷ್ ಹೆಸರಿನಿಂದ ಹೆಚ್ಚು ಪರಿಚಿತವಾದ ಈ ಮೂರಂಕದ ನಾಟಕ 1879ರ ಡಿಸೆಂಬರ್ 4ರಂದು ಕೋಪನ್‌ಹೇಗನ್‌ನಲ್ಲಿ ಪುಸ್ತಕರೂಪದಲ್ಲಿ ಹೊರಬಂತು. ಮೊದಲ ಮುದ್ರಣದ 8,000 ಪ್ರತಿಗಳು ಒಂದು ತಿಂಗಳೊಳಗೆ ಮುಗಿದವು. ಡಿಸೆಂಬರ್ 21ರಂದು ಅದೇ ನಗರದ ರಾಯಲ್ ಥಿಯೇಟರಿನಲ್ಲಿ ಮೊದಲ ಪ್ರದರ್ಶನ ನಡೆಯಿತು. ಬೆಟ್ಟಿ ಹೆನ್ನಿಂಗ್ಸ್ ನಾಯಕಿ ನೋರಾಳ ಪಾತ್ರ ವಹಿಸಿದ್ದಳು.

ನಾಟಕ ಕ್ರಿಸ್‌ಮಸ್‌ನ ಮುನ್ನಾದಿನ ಆರಂಭವಾಗುತ್ತದೆ. ವಕೀಲ ಟೊರ್ವಾಲ್ಡ್ ಹೆಲ್ಮರ್ ಬ್ಯಾಂಕೊಂದರ ವ್ಯವಸ್ಥಾಪಕನಾಗಲಿದ್ದಾನೆ. ಹೆಂಡತಿ ನೋರಾಳನ್ನು ಹಕ್ಕಿ, ಅಳಿಲು ಎಂದು ಮುದ್ದಿಸುತ್ತಾನೆ. ಆಕೆ ಮಿಠಾಯಿ ತಿನ್ನುವುದನ್ನೂ ನಿಷೇಧಿಸಿದ್ದಾನೆ. ಅವನಿಗೆ ತಿಳಿಯದ ಸಂಗತಿಯೆಂದರೆ, ಕೆಲವು ವರ್ಷಗಳ ಹಿಂದೆ ತಾನು ಕಾಯಿಲೆಯಿಂದ ಸಾಯುವಂತಿದ್ದಾಗ ಇಟಲಿಯ ಪ್ರವಾಸಕ್ಕೆ ಒದಗಿದ ಹಣ ಮಾವನದಲ್ಲ, ಹೆಂಡತಿ ಮಾಡಿದ ಸಾಲ ಎಂಬುದು. 1,200 ಸ್ಪೆಸಿಡಾಲರ್ ಮೊತ್ತದ ಆ ಸಾಲಕ್ಕೆ ಜಾಮೀನಾಗಿ ಬೇಕಿದ್ದ ತಂದೆಯ ಸಹಿಯನ್ನು ನೋರಾಳೇ ಹಾಕಿದ್ದಳು. ಸಹಿಯ ಕೆಳಗಿನ ತಾರೀಖು ತಂದೆ ತೀರಿಕೊಂಡ ಮೂರು ದಿನಗಳ ನಂತರದ್ದು. ಮನೆಖರ್ಚಿನಲ್ಲಿ ಉಳಿಸಿ, ರಾತ್ರಿ ಬಾಗಿಲು ಹಾಕಿಕೊಂಡು ನಕಲು ಬರೆಯುವ ಕೆಲಸ ಮಾಡಿ ಆಕೆ ಕಂತು ಕಟ್ಟುತ್ತ ಬಂದಿದ್ದಾಳೆ. ಸಾಲ ಕೊಟ್ಟ ಕ್ರೂಗ್‌ಸ್ಟಾಡ್ ಅದೇ ಬ್ಯಾಂಕಿನ ನೌಕರ. ತನ್ನ ಕೆಲಸಕ್ಕೆ ಸಂಚಕಾರ ಬಂದಾಗ ಅವನು ಟೊರ್ವಾಲ್ಡ್‌ಗೆ ಪತ್ರ ಬರೆದು ಎಲ್ಲವನ್ನೂ ತಿಳಿಸುತ್ತಾನೆ. ಗಂಡ ತನ್ನ ತಪ್ಪನ್ನು ಮೈಮೇಲೆ ಹೊತ್ತುಕೊಂಡಾನು ಎಂದು ನೋರಾ ಹೆದರುತ್ತ, ಒಳಗೊಳಗೇ ಆಶಿಸುತ್ತ ಇರುತ್ತಾಳೆ. ಅವನಾದರೋ ಆಕೆಯನ್ನು ಅಪರಾಧಿಯೆಂದು ಜರೆದು, ಮಕ್ಕಳನ್ನು ಬೆಳೆಸಲು ಅಯೋಗ್ಯಳೆಂದು ಸಾರುತ್ತಾನೆ. ಮರುಗಳಿಗೆಯಲ್ಲಿ ಸಾಲಪತ್ರ ಹಿಂದಿರುಗಿ ಬರುತ್ತದೆ. ಅಪಾಯ ಕಳೆದದ್ದೇ ತಡ, ಕ್ಷಮಿಸಿಬಿಟ್ಟೆನೆನ್ನುತ್ತಾನೆ. ಹಳೆಯ ಮಾದರಿಯ ನಾಟಕ ಇಲ್ಲಿಗೆ ಮುಗಿಯಬೇಕಿತ್ತು. ಇಬ್ಸನ್ನನ ನೋರಾ ಹಬ್ಬದ ಉಡುಪನ್ನು ಕಳಚಿ ಬಂದು ಗಂಡನನ್ನು ಮೇಜಿನೆದುರು ಕೂರಿಸುತ್ತಾಳೆ. ಎಂಟು ವರ್ಷದ ದಾಂಪತ್ಯದಲ್ಲಿ ಅವರಿಬ್ಬರೂ ಗಂಭೀರವಾಗಿ ಮಾತನಾಡುವುದು ಅದೇ ಮೊದಲು. ತಂದೆಯ ಮನೆಯಿಂದ ಗಂಡನ ಮನೆಗೆ ಕೈ ಬದಲಾದ ಗೊಂಬೆ ತಾನೆಂದು ಆಕೆ ಕಂಡುಕೊಂಡಿದ್ದಾಳೆ. ಉಂಗುರ ಹಿಂದಿರುಗಿಸಿ, ಮೂವರು ಮಕ್ಕಳನ್ನು ಬಿಟ್ಟು ಹೊರಡುತ್ತಾಳೆ. ಕೆಳಗಿನ ಹೆಬ್ಬಾಗಿಲು ಮುಚ್ಚಿಕೊಳ್ಳುವ ಸದ್ದಿನೊಂದಿಗೆ ತೆರೆ ಬೀಳುತ್ತದೆ.

ಕಥೆಯ ಕೇಂದ್ರದಲ್ಲಿ ಸಾಲಪತ್ರವಿರುವುದು ಆಕಸ್ಮಿಕವಲ್ಲ. ಅಂದಿನ ನಾರ್ವೆಯಲ್ಲಿ 1863ರ ಕಾನೂನು ಅವಿವಾಹಿತ ವಯಸ್ಕ ಹೆಣ್ಣಿಗೆ ತನ್ನ ವ್ಯವಹಾರ ತಾನೇ ನೋಡಿಕೊಳ್ಳುವ ಅಧಿಕಾರ ನೀಡಿತ್ತು. ಮದುವೆಯಾದೊಡನೆ ಆ ಅಧಿಕಾರ ಗಂಡನ ವಶಕ್ಕೆ ಹೋಗುತ್ತಿತ್ತು. ಅವನ ಒಪ್ಪಿಗೆಯಿಲ್ಲದೆ ಹೆಂಡತಿ ಸಾಲ ಪಡೆಯುವಂತಿರಲಿಲ್ಲ. ಗಂಡನ ಪ್ರಾಣ ಉಳಿಸಲು ನೋರಾ ಮಾಡಿದ್ದು ಅಪರಾಧವಾಗುವುದು ಈ ಕಾನೂನಿನ ಕಣ್ಣಿನಲ್ಲಿ.

ಲಾರಾ ಕೀಲರ್

ನೋರಾಳ ಕಥೆಗೆ ಜೀವಂತ ಮೂಲವೊಂದಿತ್ತು. ನಾರ್ವೆಯ ಲಾರಾ ಪೀಟರ್‌ಸೆನ್ 1869ರಲ್ಲಿ ‘ಬ್ರಾಂಡನ ಹೆಣ್ಣುಮಕ್ಕಳು’ ಎಂಬ ಕಾದಂಬರಿ ಬರೆದು ಇಬ್ಸನ್ನನ ಪರಿಚಯ ಗಳಿಸಿದಳು. ಡ್ರೆಸ್ಡೆನ್‌ನಲ್ಲಿ ಆತನ ಮನೆಗೆ ಬಂದುಹೋಗುತ್ತಿದ್ದ ಈ ತರುಣಿಯನ್ನು ಇಬ್ಸನ್ ಬಾನಾಡಿಯ ಹೆಸರಿನಿಂದ ಕರೆಯುತ್ತಿದ್ದ. ಆ ಮುದ್ದಿನ ಹೆಸರು ಮುಂದೆ ಟೊರ್ವಾಲ್ಡ್‌ನ ಬಾಯಿಗೆ ಬಂತು. 1873ರಲ್ಲಿ ಆಕೆ ಡೆನ್ಮಾರ್ಕಿನ ಶಿಕ್ಷಕ ವಿಕ್ಟರ್ ಕೀಲರ್‌ನನ್ನು ಮದುವೆಯಾದಳು. ಗಂಡನಿಗೆ ಕ್ಷಯರೋಗ ತಗಲಿದಾಗ ಬಿಸಿಲಿನ ನಾಡಿಗೆ ಕರೆದೊಯ್ಯುವಂತೆ ವೈದ್ಯರು ಸಲಹೆಯಿತ್ತರು. ಹಣದ ಮಾತೆತ್ತಿದರೆ ಗಂಡ ಉದ್ವಿಗ್ನನಾಗುತ್ತಿದ್ದುದರಿಂದ ಲಾರಾ ಗುಟ್ಟಾಗಿ ಸಾಲ ಮಾಡಿ ಅವನನ್ನು ಇಟಲಿಗೆ ಕರೆದೊಯ್ದಳು. ಅವನು ಗುಣಮುಖನಾದ. ಸಾಲ ಬೆಳೆಯಿತು.

1878ರಲ್ಲಿ ಆಕೆ ಆತುರದಿಂದ ಬರೆದ ಹಸ್ತಪ್ರತಿಯೊಂದನ್ನು ಇಬ್ಸನ್ ಮನೆಗೆ ಕಳುಹಿಸಿ, ಪ್ರಕಾಶಕರಿಗೆ ಶಿಫಾರಸು ಮಾಡಬೇಕೆಂದು ಬೇಡಿಕೊಂಡಳು. ಕೃತಿ ಕಳಪೆಯಾಗಿದೆಯೆಂದು ನಿರಾಕರಿಸಿದ ಇಬ್ಸನ್, ತೊಂದರೆಯೇನಿದ್ದರೂ ಗಂಡನಿಗೆ ತಿಳಿಸಿ ಭಾರ ಇಳಿಸಿಕೊಳ್ಳಬೇಕೆಂದು ಬುದ್ಧಿ ಹೇಳಿದ. ಲಾರಾ ಹಸ್ತಪ್ರತಿಯನ್ನು ಸುಟ್ಟು, ಖೋಟಾ ದಾಖಲೆಯ ದಾರಿ ಹಿಡಿದು ಸಿಕ್ಕಿಬಿದ್ದಳು. ಗಂಡ ಆಕೆಯನ್ನು ಮಕ್ಕಳ ಪಾಲನೆಗೆ ಅಯೋಗ್ಯಳೆಂದು ತೀರ್ಮಾನಿಸಿ ವಿಚ್ಛೇದನಕ್ಕೆ ಮುಂದಾದ. ಆಕೆಯನ್ನು ಒಂದು ತಿಂಗಳ ಕಾಲ ಮಾನಸಿಕ ಚಿಕಿತ್ಸಾಲಯದಲ್ಲಿ ಇರಿಸಲಾಯಿತು. ಬಿಡುಗಡೆಯಾದ ಲಾರಾ ಮಕ್ಕಳಿಗಾಗಿ ಗಂಡನಲ್ಲಿ ಅಂಗಲಾಚಿ ಮನೆಗೆ ಮರಳಿದಳು.

ಒಂದು ವರ್ಷದೊಳಗೆ ನಾಟಕ ಪ್ರಕಟವಾಯಿತು. ನೋರಾ ಯಾರೆಂದು ಪರಿಚಿತರು ಸುಲಭವಾಗಿ ಊಹಿಸಿದರು. ರಂಗದ ನೋರಾ ತಲೆಯೆತ್ತಿ ಬಾಗಿಲು ದಾಟಿದಳು. ನಿಜವಾದ ಲಾರಾಳಿಗೆ ಉಳಿದದ್ದು ಖೋಟಾ ಸಹಿಯ ಅಪವಾದ. ನೋರಾ ತಾನಲ್ಲವೆಂದು ಇಬ್ಸನ್ ಬಹಿರಂಗವಾಗಿ ಹೇಳಬೇಕೆಂಬ ಆಕೆಯ ಕೋರಿಕೆ ಈಡೇರಲಿಲ್ಲ. ಲಾರಾ ಕೀಲರ್ 1932ರವರೆಗೆ ಬದುಕಿದ್ದು ಅನೇಕ ಪುಸ್ತಕಗಳನ್ನು ಬರೆದಳು. ಅವುಗಳಿಗಿಂತ ಹೆಚ್ಚಾಗಿ ನೋರಾಳ ಮೂಲವೆಂಬ ಹೆಸರೇ ಆಕೆಗೆ ಅಂಟಿಕೊಂಡಿತು.

ಪ್ರತಿಕ್ರಿಯೆ ಮತ್ತು ಬದಲಾದ ಮುಕ್ತಾಯಗಳು

ಮಕ್ಕಳನ್ನು ಬಿಟ್ಟು ಹೋಗುವ ತಾಯಿಯನ್ನು ಅಂದಿನ ಪ್ರೇಕ್ಷಕರು ಅರಗಿಸಿಕೊಳ್ಳಲಾಗಲಿಲ್ಲ. ಔತಣಕೂಟಗಳ ಆಮಂತ್ರಣದಲ್ಲಿ ಈ ನಾಟಕದ ಚರ್ಚೆ ಮಾಡಬಾರದೆಂದು ಅತಿಥಿಗಳನ್ನು ಕೋರುತ್ತಿದ್ದರೆಂಬ ಪ್ರತೀತಿಯಿದೆ. ಜರ್ಮನಿಯಲ್ಲಿ ನಟಿ ಹೆಡ್ವಿಗ್ ನೀಮಾನ್‌–ರಾಬೆ, ತಾನಂತೂ ತನ್ನ ಮಕ್ಕಳನ್ನು ಬಿಟ್ಟು ಹೋಗಲಾರೆನೆಂದು ಹೇಳಿ ಕೊನೆಯ ದೃಶ್ಯವನ್ನು ಅಭಿನಯಿಸಲು ಒಪ್ಪಲಿಲ್ಲ. ಕೃತಿಸ್ವಾಮ್ಯದ ರಕ್ಷಣೆ ಇಲ್ಲದ ಕಾರಣ ಬೇರೆಯವರು ಮನಬಂದಂತೆ ತಿದ್ದುವ ಸಂಭವವಿತ್ತು. ಆದ್ದರಿಂದ ಇಬ್ಸನ್ ತಾನೇ ಬೇರೊಂದು ಮುಕ್ತಾಯ ಬರೆದುಕೊಟ್ಟ. ಅದರಲ್ಲಿ ಟೊರ್ವಾಲ್ಡ್ ಆಕೆಯನ್ನು ಮಲಗಿರುವ ಮಕ್ಕಳ ಕೋಣೆಯ ಬಾಗಿಲಿಗೆ ಎಳೆದೊಯ್ಯುತ್ತಾನೆ. ನೋರಾ ಅಲ್ಲಿಯೇ ಕುಸಿಯುತ್ತಾಳೆ. 1880ರಲ್ಲಿ ಫ್ಲೆನ್ಸ್‌ಬರ್ಗ್‌ನಲ್ಲಿ ಈ ರೂಪ ಪ್ರದರ್ಶನಗೊಂಡಿತು. ಇದು ಕೃತಿಯ ಮೇಲೆ ನಡೆದ ಅನಾಗರಿಕ ಹಲ್ಲೆಯೆಂದು ಇಬ್ಸನ್ ಸ್ವತಃ ಪರಿಗಣಿಸಿದ್ದ.

ಇಂಗ್ಲೆಂಡಿನಲ್ಲಿ 1884ರ ರೂಪಾಂತರವೊಂದರಲ್ಲಿ ನೋರಾ ಫ್ಲೋರಾ ಆದಳು, ಗಂಡ ಉದಾರಿಯಾದ, ಸಂಸಾರ ಉಳಿಯಿತು. 1886ರಲ್ಲಿ ಕಾರ್ಲ್ ಮಾರ್ಕ್ಸನ ಮಗಳು ಎಲೀನರ್ ಮಾರ್ಕ್ಸ್ ಲಂಡನ್ನಿನ ತನ್ನ ಮನೆಯಲ್ಲಿ ಮೂಲದ ಅನುವಾದದ ವಾಚನ ನಡೆಸಿದಳು. ಆಕೆ ನೋರಾ, ಜಾರ್ಜ್ ಬರ್ನಾರ್ಡ್ ಷಾ ಕ್ರೂಗ್‌ಸ್ಟಾಡ್. 1889ರಲ್ಲಿ ಜೇನೆಟ್ ಅಚರ್ಚ್ ಅಭಿನಯದಲ್ಲಿ ನಾಟಕ ಲಂಡನ್ನಿನ ರಂಗಕ್ಕೆ ತನ್ನ ನಿಜವಾದ ಕೊನೆಯೊಂದಿಗೆ ಬಂತು. ವಿರೋಧವೂ ಅಷ್ಟೇ ಪ್ರಬಲವಾಗಿತ್ತು. ಸ್ವೀಡನ್ನಿನ ಆಗಸ್ಟ್ ಸ್ಟ್ರಿಂಡ್‌ಬರ್ಗ್ 1884ರ ತನ್ನ ವಿವಾಹಕಥೆಗಳ ಸಂಕಲನದಲ್ಲಿ ಇಬ್ಸನ್ನನ ನಿಲುವನ್ನು ಲೇವಡಿ ಮಾಡಿದ.

ಪ್ರೇತಗಳು

ನೋರಾ ಮನೆ ಬಿಟ್ಟದ್ದು ತಪ್ಪು ಎಂದವರಿಗೆ, ಬಿಡದೆ ಉಳಿದವಳ ಕಥೆಯೇ ಉತ್ತರವಾಯಿತು. 1881ರ ಡಿಸೆಂಬರಿನಲ್ಲಿ ಪ್ರಕಟವಾದ ‘ಪ್ರೇತಗಳು’ ನಾಟಕದ ಹೆಲೇನೆ ಆಲ್ವಿಂಗ್ ಮದುವೆಯಾದ ಮೊದಲ ವರ್ಷದಲ್ಲೇ ವಿಲಾಸಿ ಗಂಡನನ್ನು ಬಿಟ್ಟು, ತಾನು ಪ್ರೀತಿಸಿದ್ದ ಪಾದ್ರಿ ಮಾಂಡರ್ಸ್‌ನ ಬಳಿಗೆ ಓಡಿಬಂದವಳು. ಅವನು ಕರ್ತವ್ಯವನ್ನು ಬೋಧಿಸಿ ಆಕೆಯನ್ನು ಹಿಂದಕ್ಕೆ ಕಳುಹಿಸಿದ. ಆಕೆ ಗಂಡನ ದುರ್ನಡತೆಯನ್ನು ಲೋಕದಿಂದ ಮುಚ್ಚಿಟ್ಟಳು, ಅವನ ಆಸ್ತಿಯನ್ನು ತಾನೇ ನಡೆಸಿದಳು, ಮಗ ಓಸ್ವಾಲ್ಡ್‌ನನ್ನು ದೂರದಲ್ಲಿ ಬೆಳೆಸಿದಳು, ಸತ್ತ ಗಂಡನ ಹೆಸರಿನಲ್ಲಿ ಅನಾಥಾಲಯ ಕಟ್ಟಿಸಿದಳು. ಮಗ ಮನೆಗೆ ಬರುವುದು ತಂದೆಯಿಂದ ಬಂದ ಗುಹ್ಯರೋಗದೊಂದಿಗೆ. ಅವನು ಮೋಹಿಸುವ ಮನೆಗೆಲಸದ ರೆಗೀನೆ ಅವನ ತಂದೆಗೇ ಹುಟ್ಟಿದವಳು. ವಿಮೆಯಿಲ್ಲದ ಅನಾಥಾಲಯ ಸುಟ್ಟುಹೋಗುತ್ತದೆ. ಕೊನೆಯಲ್ಲಿ, ಬುದ್ಧಿ ಕಳೆದುಕೊಂಡ ಮಗನೆದುರು ಮಾರ್ಫಿನ್ ಹಿಡಿದ ತಾಯಿ ಕೊಡುವುದೋ ಬಿಡುವುದೋ ತಿಳಿಯದೆ ನಿಂತಿರುತ್ತಾಳೆ.

10,000 ಪ್ರತಿಗಳ ಮುದ್ರಣದಲ್ಲಿ ಹೆಚ್ಚಿನ ಪಾಲು ಪುಸ್ತಕದಂಗಡಿಗಳಿಂದ ಪ್ರಕಾಶಕರಿಗೆ ಹಿಂದಿರುಗಿತು. ಸ್ಕ್ಯಾಂಡಿನೇವಿಯಾದ ದೊಡ್ಡ ರಂಗಮಂದಿರಗಳು ನಾಟಕವನ್ನು ತಿರಸ್ಕರಿಸಿದವು. ಮೊದಲ ಪ್ರದರ್ಶನ ನಡೆದದ್ದು ಸಾಗರದಾಚೆ, 1882ರ ಮೇ 20ರಂದು ಅಮೆರಿಕದ ಷಿಕಾಗೊದಲ್ಲಿ, ವಲಸಿಗರ ಎದುರಿಗೆ. 1891ರಲ್ಲಿ ಲಂಡನ್ನಿನಲ್ಲಿ ಖಾಸಗಿ ಸಂಘವೊಂದು ಆಡಿಸಿದಾಗ ಪತ್ರಿಕೆಗಳು ಅದನ್ನು ಚರಂಡಿಗೂ ಕುಷ್ಠಾಲಯಕ್ಕೂ ಹೋಲಿಸಿದವು.

ನಂತರದ ನಾಟಕಗಳು

‘ಸಮುದ್ರದಿಂದ ಬಂದ ಹೆಂಗಸು’ ಇಬ್ಸನ್ನನ ನಾಟಕಗಳಲ್ಲಿ ದಾಂಪತ್ಯ ಉಳಿಯುವ ಅಪರೂಪದ ಕೃತಿ. ವೈದ್ಯ ವಾಂಗೆಲ್‌ನ ಎರಡನೆಯ ಹೆಂಡತಿ ಎಲ್ಲಿಡಾ, ಹಿಂದೊಮ್ಮೆ ತನಗೆ ಮಾತು ಕೊಟ್ಟಿದ್ದ ನಾವಿಕನೊಬ್ಬ ಮರಳಿ ಬಂದಾಗ, ತನ್ನ ಮದುವೆ ಆಶ್ರಯಕ್ಕಾಗಿ ನಡೆದ ಕ್ರಯವೆಂದು ಗಂಡನಿಗೆ ಹೇಳಿ ಬಿಡುಗಡೆ ಕೇಳುತ್ತಾಳೆ. ವಾಂಗೆಲ್ ಬಹಳ ನೋವಿನಿಂದ ಒಪ್ಪುತ್ತಾನೆ. ಹೋಗುವ ಸ್ವಾತಂತ್ರ್ಯ ಸಿಕ್ಕ ಮೇಲೆ ಎಲ್ಲಿಡಾ ಉಳಿಯುವುದನ್ನು ಆರಿಸಿಕೊಳ್ಳುತ್ತಾಳೆ. ಟೊರ್ವಾಲ್ಡ್‌ಗೆ ಆಗದಿದ್ದುದನ್ನು ಮಾಡಿದ ಗಂಡ ಈತ.

‘ಹೆಡ್ಡಾ ಗಾಬ್ಲರ್’ನಲ್ಲಿ ಅಂತಹ ಸಮಾಧಾನವಿಲ್ಲ. ಮದುವೆಯಾಗಿ ಟೆಸ್‌ಮನ್ ಆಗಿದ್ದರೂ ಶೀರ್ಷಿಕೆಯಲ್ಲಿ ನಾಯಕಿ ತಂದೆಯ ಮನೆತನದ ಹೆಸರಿನಲ್ಲಿಯೇ ಉಳಿದಿದ್ದಾಳೆ. ದಂಡನಾಯಕನ ಮಗಳಾದ ಆಕೆಯ ಬಳಿ ತಂದೆಯ ಪಿಸ್ತೂಲುಗಳಿವೆ, ಮಾಡಲು ಕೆಲಸವಿಲ್ಲ. ಬೇಡದ ಬಸಿರಿನ ಪ್ರಸ್ತಾಪವನ್ನು ಕೇಳಲೂ ಆಕೆ ಇಷ್ಟಪಡಳು. ಲೋಕಾಪವಾದದ ಭಯದಿಂದ ಬಂಡೇಳಲಾರದೆ, ಇತರರ ಬದುಕಿನ ಮೇಲೆ ಅಧಿಕಾರ ಚಲಾಯಿಸಿ, ನ್ಯಾಯಾಧೀಶ ಬ್ರಾಕ್‌ನ ಹಿಡಿತಕ್ಕೆ ಸಿಕ್ಕಿದಾಗ ಗುಂಡು ಹಾರಿಸಿಕೊಂಡು ಸಾಯುತ್ತಾಳೆ. ಹೆಡ್ಡಾಳ ತೇಜಸ್ಸಿನ ಎದುರು ಪ್ರೇಕ್ಷಕರು ಮರೆಯುವ ಪಾತ್ರ ಥೇಯಾ. ಅಂಜುಬುರುಕಿಯಂತೆ ಕಾಣುವ ಆಕೆ ಗಂಡನ ಮನೆಯನ್ನು ಬಿಟ್ಟು, ಜನ ಏನೆನ್ನುವರೆಂದು ಲೆಕ್ಕಿಸದೆ ಹಗಲಿನಲ್ಲೇ ನಡೆದು ಬಂದವಳು.

ಸ್ತ್ರೀ ಚಳವಳಿಯೊಂದಿಗೆ ಸಂಬಂಧ

1884ರಲ್ಲಿ ವಿವಾಹಿತ ಸ್ತ್ರೀಯರ ಪ್ರತ್ಯೇಕ ಆಸ್ತಿಯ ಹಕ್ಕಿಗಾಗಿ ನಾರ್ವೆಯ ಸಂಸತ್ತಿಗೆ ಸಲ್ಲಿಸಿದ ಮನವಿಗೆ ಇಬ್ಸನ್, ಬ್ಯೊರ್ನ್‌ಸನ್, ಯೋನಾಸ್ ಲೀ ಮತ್ತು ಅಲೆಕ್ಸಾಂಡರ್ ಕೀಲಾಂಡ್ ಸಹಿ ಹಾಕಿದರು. ಈ ವಿಷಯದಲ್ಲಿ ಗಂಡಸರ ಅಭಿಪ್ರಾಯ ಕೇಳುವುದು ಕುರಿಗಳ ರಕ್ಷಣೆಯ ಬಗ್ಗೆ ತೋಳಗಳನ್ನು ವಿಚಾರಿಸಿದಂತೆ ಎಂಬ ಭಾವನೆಯನ್ನು ಇಬ್ಸನ್ ಪತ್ರವೊಂದರಲ್ಲಿ ವ್ಯಕ್ತಪಡಿಸಿದ್ದ. 1888ರ ಶಾಸನ ವಿವಾಹಿತೆಗೆ ಕಾನೂನಿನ ಸ್ವತಂತ್ರ ವ್ಯಕ್ತಿತ್ವವನ್ನೂ ತನ್ನ ಗಳಿಕೆಯ ಮೇಲೆ ಹಕ್ಕನ್ನೂ ನೀಡಿತು. ಜಂಟಿ ಆಸ್ತಿಯ ಆಡಳಿತ ಮಾತ್ರ ಗಂಡನಲ್ಲಿಯೇ ಉಳಿಯಿತು.

ಆದರೂ 1898ರ ಮೇ 26ರಂದು ನಾರ್ವೆಯ ಮಹಿಳಾ ಹಕ್ಕುಗಳ ಸಂಘ ಏರ್ಪಡಿಸಿದ ಔತಣದಲ್ಲಿ, ಆ ಚಳವಳಿಗಾಗಿ ಪ್ರಜ್ಞಾಪೂರ್ವಕವಾಗಿ ದುಡಿದ ಗೌರವವನ್ನು ಆತ ನಯವಾಗಿ ನಿರಾಕರಿಸಿದ. ತನ್ನ ಕೆಲಸ ಮನುಷ್ಯರನ್ನು ಚಿತ್ರಿಸುವುದು, ಚಳವಳಿಯ ನಿಖರ ಅರ್ಥವೇ ತನಗೆ ಸ್ಪಷ್ಟವಿಲ್ಲ ಎಂದ. ಜನತೆಯನ್ನು ರೂಪಿಸುವ ಹೊಣೆ ತಾಯಂದಿರದೆಂದೂ ಸೇರಿಸಿದ. ನೋರಾಳ ಬಾಯಲ್ಲಿ, ತಾಯಿಯಾಗುವುದಕ್ಕೂ ಮೊದಲು ತಾನು ಮನುಷ್ಯಳೆಂಬ ಅರ್ಥದ ಮಾತು ಆಡಿಸಿದ್ದವನಿಂದ ಇದನ್ನು ಕೇಳಿದವರಿಗೆ ಆಶ್ಚರ್ಯವಾದದ್ದು ಸಹಜ. ಈ ಭಾಷಣವನ್ನು ಆಧರಿಸಿ ಇಬ್ಸನ್ ಸ್ತ್ರೀವಾದಿಯಲ್ಲವೆಂದು ವಾದಿಸುವವರಿದ್ದಾರೆ. ರೋಮಿನ ಸಂಘದಲ್ಲಿ ಮಂಡಿಸಿದ ನಿರ್ಣಯ ಮತ್ತು 1884ರ ಸಹಿಯನ್ನು ಜೊತೆಗಿಟ್ಟು ನೋಡಿದರೆ ಆ ವಾದ ಪೂರ್ತಿ ನಿಲ್ಲುವುದಿಲ್ಲ.

ಕೊನೆಯ ದಿನಗಳು

1891ರಲ್ಲಿ ಇಬ್ಸನ್ ನಾರ್ವೆಗೆ ಮರಳಿ ಕ್ರಿಸ್ಟಿಯಾನಿಯಾದಲ್ಲಿ ನೆಲೆಸಿದ. ‘ನಿರ್ಮಾಣಶಿಲ್ಪಿ ಸೂಲ್ನೆಸ್’, ‘ಪುಟ್ಟ ಐಯೊಲ್ಫ್’, ‘ಯೋನ್ ಗೇಬ್ರಿಯಲ್ ಬೋರ್ಕ್‌ಮನ್’ ಬಳಿಕ 1899ರಲ್ಲಿ ಬಂದ ‘ಸತ್ತ ನಾವು ಎಚ್ಚರಗೊಂಡಾಗ’ ಆತನ ಕೊನೆಯ ನಾಟಕ. ಇದರ ನಾಯಕ ಶಿಲ್ಪಿ. ತನಗೆ ಮಾದರಿಯಾಗಿ ನಿಂತ ಐರೀನೆಯನ್ನು ಕಲೆಗೆ ಬಳಸಿಕೊಂಡು ಕೈಬಿಟ್ಟವನು. ವರ್ಷಗಳ ನಂತರ ಆಕೆ ಅವನೆದುರು ಬಂದು ತನ್ನ ಆತ್ಮವನ್ನೇ ಕಸಿದುಕೊಂಡೆಯೆಂದು ಆರೋಪಿಸುತ್ತಾಳೆ. ಲಾರಾ ಕೀಲರ್‌ಳ ಕಥೆ ಬಲ್ಲ ಓದುಗರಿಗೆ ಈ ದೃಶ್ಯ ಬೇರೆಯಾಗಿಯೇ ಕೇಳಿಸುತ್ತದೆ. 1900ರಿಂದ ಪಾರ್ಶ್ವವಾಯುವಿನ ಆಘಾತಗಳಿಗೆ ತುತ್ತಾಗಿ ಬರೆಯಲಾರದಂತಾದ ಇಬ್ಸನ್ 1906ರ ಮೇ 23ರಂದು ನಿಧನನಾದ. ಸರ್ಕಾರಿ ಗೌರವಗಳೊಂದಿಗೆ ಅಂತ್ಯಕ್ರಿಯೆ ನಡೆಯಿತು. ಸುಸಾನಾ 1914ರವರೆಗೆ ಬದುಕಿದ್ದಳು. ಅದರ ಹಿಂದಿನ ವರ್ಷ ನಾರ್ವೆಯ ಎಲ್ಲ ಮಹಿಳೆಯರಿಗೆ ಸಂಸತ್ ಚುನಾವಣೆಯ ಮತದಾನದ ಹಕ್ಕು ದೊರೆತಿತ್ತು.

ಪ್ರಭಾವ

ಜಪಾನಿನಲ್ಲಿ 1911ರಲ್ಲಿ ಮಾತ್ಸುಯಿ ಸುಮಾಕೊ ನೋರಾಳ ಪಾತ್ರ ವಹಿಸಿದಾಗ, ಅದೇ ವರ್ಷ ಆರಂಭವಾಗಿದ್ದ ‘ಸೆಯ್ತೊ’ ಎಂಬ ಮಹಿಳಾ ಪತ್ರಿಕೆ ಆ ಪಾತ್ರದ ಬಗ್ಗೆ ವಿಸ್ತಾರವಾದ ಚರ್ಚೆ ನಡೆಸಿತು. ಚೀನಾದಲ್ಲಿ 1918ರಲ್ಲಿ ‘ಹೊಸ ತಾರುಣ್ಯ’ ಪತ್ರಿಕೆ ಇಬ್ಸನ್ ವಿಶೇಷ ಸಂಚಿಕೆಯನ್ನು ಹೊರತಂದಿತು. 1923ರಲ್ಲಿ ಲೇಖಕ ಲು ಷುನ್ ಬೀಜಿಂಗ್‌ನ ವಿದ್ಯಾರ್ಥಿನಿಯರ ಮುಂದೆ ಮಾಡಿದ ಭಾಷಣದಲ್ಲಿ, ಮನೆ ಬಿಟ್ಟ ನೋರಾಳ ಕೈಯಲ್ಲಿ ಹಣವಿಲ್ಲದಿದ್ದರೆ ಹಾಳಾಗುವುದು ಅಥವಾ ಹಿಂದಿರುಗುವುದು ಬಿಟ್ಟು ಬೇರೆ ದಾರಿ ಹೆಚ್ಚಿಲ್ಲವೆಂದು ಎಚ್ಚರಿಸಿ, ಆರ್ಥಿಕ ಹಕ್ಕಿನ ಪ್ರಶ್ನೆಯನ್ನು ಎತ್ತಿದ. ಕನ್ನಡದಲ್ಲಿ ಟಿ. ಪಿ. ಕೈಲಾಸಂ ಮತ್ತು ಶ್ರೀರಂಗರ ಸಾಮಾಜಿಕ ನಾಟಕಗಳ ಚರ್ಚೆಯಲ್ಲಿ ಇಬ್ಸನ್ ಮತ್ತು ಷಾ ಅವರ ಹೆಸರುಗಳು ಜೊತೆಯಾಗಿ ಬರುತ್ತವೆ. ‘ಗೊಂಬೆಯ ಮನೆ’ಯ ಹಸ್ತಪ್ರತಿಯನ್ನು 2001ರಲ್ಲಿ ಯುನೆಸ್ಕೊ ತನ್ನ ವಿಶ್ವ ಸ್ಮರಣೆಯ ದಾಖಲೆಗಳ ಪಟ್ಟಿಗೆ ಸೇರಿಸಿತು.